ಚೇತಕ್ ಹೆಲಿಕಾಪ್ಟರಿನ ಸೇವೆ



ಆಕಾಶದಾಗ ಗರಗರ ಸದ್ದು ಕೇಳಿದರೆ ನಾವೆಲ್ಲ ಏನು ಮಾಡುತ್ತೇವೆ? ಹಂಚಿನ ಮೇಲಿನ ರೊಟ್ಟಿ ಬಿಟ್ಟು ಅಂಗಳಕ್ಕೆ ಬರುತ್ತೇವೆ. ಹಣೆಗೆ ಕೈ ಹಚ್ಚಿ ಮೇಲೆ ನೋಡುತ್ತೇವೆ. "ಯವ್ವಾ, ಹೆಲಿಕಾಪ್ಟರ್ ಬಂತು!" ಅಂತ ಮಕ್ಕಳು ಕೂಗುತ್ತಾರೆ. ಚುನಾವಣೆ ಬಂದಾಗ ದೊಡ್ಡವರು ಅದರಲ್ಲಿ ಬರುತ್ತಾರೆ. ಭಾಷಣ ಮಾಡುತ್ತಾರೆ, ಹೋಗುತ್ತಾರೆ. ಹಿಂಗಾಗಿ ಹೆಲಿಕಾಪ್ಟರ್ ಅಂದರೆ ದೊಡ್ಡವರ ಗಾಡಿ ಅಂತ ನಾವು ತಿಳಿದಿದ್ದೇವೆ.

ಆದರೆ ಹೊಳೆ ನೀರಿನಲ್ಲಿ ಸಿಕ್ಕವರಿಗೂ ಅದು ಬರುತ್ತದೆ. ಗಾಯಗೊಂಡವರಿಗೂ ಬರುತ್ತದೆ. ಹೆರಿಗೆ ನೋವು ತಿನ್ನುವ ತಾಯಿಗೂ ಬಂದದ್ದುಂಟು. ಈ ಪಾಠದಲ್ಲಿ ಅಂಥ ಕೆಲಸ ಮಾಡಿದ ಒಂದು ಹೆಲಿಕಾಪ್ಟರಿನ ಕಥೆ ಓದೋಣ. ಅದರ ಹೆಸರು ಚೇತಕ್. ಅದು ನಮ್ಮ ಬೆಂಗಳೂರಿನಲ್ಲಿ ತಯಾರಾದದ್ದು.

ಕೊಪ್ಪಳದಿಂದ ಹುಬ್ಬಳ್ಳಿ ಮೇಲೆ ಹಾಯ್ದು ಗೋವಾದ ವಾಸ್ಕೋಗೆ ರೈಲು ಹೋಗುತ್ತದೆ. ನಮ್ಮ ಊರುಗಳ ಎಷ್ಟೋ ಮಂದಿ ಅಲ್ಲಿಗೆ ದುಡಿಯಲು ಹೋಗುತ್ತಾರೆ. ವಾಸ್ಕೋ ಹತ್ತಿರ ದಾಬೋಲಿ ವಿಮಾನ ನಿಲ್ದಾಣ ಇದೆ. ಅದರ ಸಮೀಪ ನೌಕಾಪಡೆಯ ಒಂದು ವಸ್ತು ಸಂಗ್ರಹಾಲಯ ಇದೆ. ಅದು 1998ರಲ್ಲಿ ಶುರುವಾಯಿತು. ಸೇವೆ ಮುಗಿಸಿದ ವಿಮಾನಗಳನ್ನು ಅಲ್ಲಿ ಜನ ನೋಡಲಿ ಅಂತ ನಿಲ್ಲಿಸಿದ್ದಾರೆ. ಅವುಗಳ ನಡುವೆ ಒಂದು ಚೇತಕ್ ಕೂಡ ಇದೆ.

ಹೆಸರು ಹೇಗೆ ಬಂತು?

ಈ ಹೆಲಿಕಾಪ್ಟರಿನ ತವರುಮನೆ ಫ್ರಾನ್ಸ್ ದೇಶ. ಅಲ್ಲಿ ಅದು 1959ರಲ್ಲಿ ಮೊದಲ ಸಲ ಹಾರಿತು. ಅಲ್ಲಿ ಅದರ ಹೆಸರು ಆಲುಯೆಟ್. ಆಲುಯೆಟ್ ಅಂದರೆ ಒಂದು ಹಕ್ಕಿಯ ಹೆಸರು.

ಮರು ವರ್ಷ, 1960ರಲ್ಲಿ, ಅದನ್ನು ನಮ್ಮ ಹಿಮಾಲಯಕ್ಕೆ ತಂದು ಪರೀಕ್ಷೆ ಮಾಡಿದರು. ದೇವ್ ಟಿಬ್ಬಾ ಎಂಬ ಹಿಮದ ಬೆಟ್ಟದ ಮೇಲೆ ಇಳಿಸಿದರು, ಮತ್ತೆ ಹಾರಿಸಿದರು. ಆ ಬೆಟ್ಟದ ಎತ್ತರ ಸುಮಾರು 6,000 ಮೀಟರ್. ಅಷ್ಟು ಮೇಲೆ ಗಾಳಿ ಬಹಳ ತೆಳು ಇರುತ್ತದೆ. ಮನುಷ್ಯರಿಗೆ ಉಸಿರಾಡುವುದೇ ಕಷ್ಟ. ಹೆಲಿಕಾಪ್ಟರಿಗೆ ಒತ್ತಿ ಏಳಲು ಗಾಳಿ ಸಾಲದು. ಅಲ್ಲಿಯೂ ಇದು ಎದ್ದಿತು.

ನಮ್ಮ ದೇಶಕ್ಕೆ ಬೆಟ್ಟಗಳ ಗಡಿ ಕಾಯಬೇಕಿತ್ತು. 1962ರಲ್ಲಿ ಸರ್ಕಾರ ಫ್ರಾನ್ಸಿನ ಜೊತೆ ಒಪ್ಪಂದ ಮಾಡಿಕೊಂಡಿತು. ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲಿ ತಯಾರಿಕೆ ಶುರುವಾಯಿತು. ಈ ಕಾರ್ಖಾನೆ 1940ರಲ್ಲಿ, ಮೈಸೂರು ಅರಸರ ಕಾಲದಲ್ಲಿ ಹುಟ್ಟಿದ್ದು. ಇಲ್ಲಿ ತಯಾರಾದ ಮೊದಲ ಹೆಲಿಕಾಪ್ಟರ್ 1965ರ ಜೂನ್ ತಿಂಗಳಲ್ಲಿ ಹಾರಿತು. ಮುಂದೆ ಅಂಥವು 300ಕ್ಕಿಂತ ಹೆಚ್ಚು ಇಲ್ಲಿ ತಯಾರಾದವು.

ನಮ್ಮವರು ಅದಕ್ಕೆ ಚೇತಕ್ ಎಂದು ಹೆಸರಿಟ್ಟರು. ಚೇತಕ್ ರಾಜಸ್ಥಾನದ ರಾಣಾ ಪ್ರತಾಪನ ಕುದುರೆ. 1576ರಲ್ಲಿ ಹಳದೀಘಾಟ್ ಯುದ್ಧ ನಡೆಯಿತು. ಕಾಲಿಗೆ ಗಾಯವಾದರೂ ಆ ಕುದುರೆ ತನ್ನ ಒಡೆಯನನ್ನು ಹೊತ್ತು ಹಳ್ಳ ಜಿಗಿದು ಪ್ರಾಣ ಉಳಿಸಿತು, ತಾನು ಸತ್ತಿತು ಎಂದು ಜನ ಕಥೆ ಹೇಳುತ್ತಾರೆ. ಪ್ರಾಣ ಉಳಿಸುವ ವಾಹನಕ್ಕೆ ಒಪ್ಪುವ ಹೆಸರು, ಅಲ್ಲವೇ?

ಅದು ಹೇಗೆ ಹಾರುತ್ತದೆ?

ವಿಮಾನ ಏಳಬೇಕಾದರೆ ಉದ್ದನೆಯ ರಸ್ತೆ ಬೇಕು. ಹೆಲಿಕಾಪ್ಟರಿಗೆ ಬೇಡ. ಕಣದಷ್ಟು ಬಯಲು ಜಾಗ ಸಾಕು.

ಚೇತಕ್ಕಿನ ತಲೆ ಮೇಲೆ ಮೂರು ಉದ್ದನೆಯ ರೆಕ್ಕೆಗಳಿವೆ. ಅವು ಗಿರಗಿರ ತಿರುಗುತ್ತವೆ. ಗಾಳಿಯನ್ನು ಕೆಳಗೆ ಒತ್ತುತ್ತವೆ. ಆಗ ಹೆಲಿಕಾಪ್ಟರ್ ಮೇಲೆ ಏಳುತ್ತದೆ. ರೆಕ್ಕೆ ತಿರುಗುವ ಸುತ್ತಿನ ಅಗಲ 11 ಮೀಟರ್. ಆರು ಗಜದ ಎರಡು ಇಳಕಲ್ಲ ಸೀರೆಗಳನ್ನು ತುದಿಗೆ ತುದಿ ಹಚ್ಚಿ ಹಾಸಿದರೆ ಎಷ್ಟು ಉದ್ದವೋ ಅಷ್ಟು.

ಬಾಲದ ತುದಿಯಲ್ಲಿ ಇನ್ನೊಂದು ಸಣ್ಣ ರೆಕ್ಕೆ ಇದೆ. ಅದು ಯಾಕ ಬೇಕು? ಆನೆಗೊಂದಿಯ ಹರಗೋಲು ನೋಡಿದ್ದೀರಲ್ಲ. ಹುಟ್ಟನ್ನು ಒಂದೇ ಕಡೆ ಹಾಕಿದರೆ ಹರಗೋಲು ಬುಗುರಿ ಹಂಗ ಸುತ್ತುತ್ತದೆ. ಹೆಲಿಕಾಪ್ಟರಿನದೂ ಹಂಗೇ. ಮೇಲಿನ ರೆಕ್ಕೆ ಒಂದು ಕಡೆ ತಿರುಗಿದರೆ ಒಡಲು ಇನ್ನೊಂದು ಕಡೆ ತಿರುಗಲು ನೋಡುತ್ತದೆ. ಬಾಲದ ರೆಕ್ಕೆ ಅದನ್ನು ತಡೆದು ನಿಲ್ಲಿಸುತ್ತದೆ.

ಚೇತಕ್‌ನಲ್ಲಿ ಏಳು ಮಂದಿ ಕೂರಬಹುದು. ಬೇಕಾದರೆ ಆಸನ ತೆಗೆದು ಇಬ್ಬರು ರೋಗಿಗಳನ್ನು ಮಲಗಿಸಿ ಒಯ್ಯಬಹುದು. ಗಂಟೆಗೆ ಸುಮಾರು 200 ಕಿಲೋಮೀಟರ್ ಹೋಗುತ್ತದೆ. ಇದು ಕುಡಿಯುವುದು ಒಂದು ಬಗೆಯ ಸೀಮೆಎಣ್ಣೆ. ಮುಖ್ಯ ಗುಣ ಇನ್ನೊಂದಿದೆ. ಅದು ಗಾಳಿಯಲ್ಲಿ ಒಂದೇ ಕಡೆ ನಿಲ್ಲಬಲ್ಲದು. ಈ ಗುಣದಿಂದಲೇ ಅದು ಜನರ ಪ್ರಾಣ ಉಳಿಸಿತು.

ಹಡಗಿನ ಕಾವಲು

ಸಮುದ್ರದಲ್ಲಿ ವಿಮಾನಗಳನ್ನು ಹೊತ್ತು ಹೋಗುವ ದೊಡ್ಡ ಹಡಗುಗಳಿವೆ. ನಮ್ಮ ದೇಶದ ಅಂಥ ಮೊದಲ ಹಡಗು ವಿಕ್ರಾಂತ್. ಅದು 1961ರಲ್ಲಿ ನೌಕಾಪಡೆ ಸೇರಿತು. ಅದರ ಮೇಲಿಂದ ವಿಮಾನಗಳು ಏಳುತ್ತಿದ್ದವು, ಅದರ ಮೇಲೆಯೇ ಇಳಿಯುತ್ತಿದ್ದವು. ಸ್ವಲ್ಪ ತಪ್ಪಿದರೂ ವಿಮಾನ ಸಮುದ್ರದ ಪಾಲು.

ಅದಕ್ಕಾಗಿ ವಿಮಾನ ಏಳುವಾಗ, ಇಳಿಯುವಾಗ ಒಂದು ಹೆಲಿಕಾಪ್ಟರ್ ಹಡಗಿನ ಪಕ್ಕದಲ್ಲಿ ಗಾಳಿಯಲ್ಲಿ ಕಾವಲು ನಿಲ್ಲುತ್ತದೆ. ಯಾರಾದರೂ ನೀರಿಗೆ ಬಿದ್ದರೆ ಕೂಡಲೇ ಹಗ್ಗ ಬಿಟ್ಟು ಮೇಲೆತ್ತುತ್ತದೆ. 1969ರಲ್ಲಿ ನೌಕಾಪಡೆ ಇದಕ್ಕಾಗಿ ಒಂದು ತಂಡ ಕಟ್ಟಿತು. ಅದರ ನಂಬರು 321. ಜನರನ್ನು ಉಳಿಸುವ ತಂಡವಾದ್ದರಿಂದ ಅದಕ್ಕೆ 'ಏಂಜಲ್ಸ್' ಎಂದು ಹೆಸರು. ಏಂಜಲ್ಸ್ ಅಂದರೆ ದೇವದೂತರು. 1971ರ ಯುದ್ಧದಲ್ಲಿ ವಿಕ್ರಾಂತ್ ಬಂಗಾಳ ಕೊಲ್ಲಿಗೆ ಹೋದಾಗ ಈ ಜಾತಿಯ ಹೆಲಿಕಾಪ್ಟರ್ ಅದರ ಮೇಲೆ ಇತ್ತು.

ಯುದ್ಧದಲ್ಲಿ

ಚೇತಕ್ ಸೈನ್ಯದ ಹೆಲಿಕಾಪ್ಟರ್. ಯುದ್ಧದ ಕೆಲಸವನ್ನೂ ಅದು ಮಾಡಿದೆ. 1971ರಲ್ಲಿ ಬಾಂಗ್ಲಾದೇಶದ ಬಿಡುಗಡೆಗೆ ಯುದ್ಧ ನಡೆಯಿತು. ಆಗ ಈ ಜಾತಿಯ ಒಂದು ಹೆಲಿಕಾಪ್ಟರಿಗೆ ರಾಕೆಟ್ ಕಟ್ಟಿ ಬಂಗಾಳಿ ಪೈಲಟರಿಗೆ ಕೊಟ್ಟರು. ಡಿಸೆಂಬರ್ 3ರ ರಾತ್ರಿ ಅವರು ನಾರಾಯಣಗಂಜ್ ಊರಿನಲ್ಲಿದ್ದ ವೈರಿಯ ಎಣ್ಣೆ ಸಂಗ್ರಹಕ್ಕೆ ಬೆಂಕಿ ಹಚ್ಚಿದರು.

ಚೇತಕ್‌ಗೆ ಒಂದು ತಂಗಿ ಇದೆ. ಅದರ ಹೆಸರು ಚೀತಾ. ಅದೂ ಬೆಂಗಳೂರಿನಲ್ಲೇ ತಯಾರಾದದ್ದು. ಒಡಲು ಸಣ್ಣದು, ಹಗುರ. ಬೆಟ್ಟ ಏರುವುದರಲ್ಲಿ ಅಕ್ಕನಿಗಿಂತ ಗಟ್ಟಿ. ಹಿಮ ತುಂಬಿದ ಸಿಯಾಚಿನ್‌ನಲ್ಲಿ ಸೈನಿಕರಿಗೆ ಸಾಮಾನು ಮುಟ್ಟಿಸುವುದು, ಕಾಯಿಲೆಯವರನ್ನು ಕೆಳಗೆ ತರುವುದು ಅದರ ಕೆಲಸ.

1999ರಲ್ಲಿ ಕಾರ್ಗಿಲ್ ಯುದ್ಧ ಆಯಿತು. ಆಗ ಗುಂಜನ್ ಸಕ್ಸೇನಾ, ಶ್ರೀವಿದ್ಯಾ ರಾಜನ್ ಎಂಬ ಇಬ್ಬರು ಹೆಣ್ಣುಮಕ್ಕಳು ವಾಯುಪಡೆಯ ಪೈಲಟರಾಗಿದ್ದರು. ಯುದ್ಧ ನಡೆಯುವ ಕಡೆಗೆ ಅವರು ಚೀತಾ ಹಾರಿಸಿದರು. ಗಾಯಗೊಂಡ ಸೈನಿಕರನ್ನು ತಂದರು. "ಹೆಣ್ಣು ಏನು ಹಾರಿಸ್ಯಾಳು" ಅನ್ನುವ ಮಾತಿಗೆ ಅವರ ಕೆಲಸವೇ ಉತ್ತರ ಹೇಳಿತು.

ಹೊಳೆ ತುಂಬಿದಾಗ

ಈಗ ನಮ್ಮ ಜಿಲ್ಲೆಗೆ ಬರೋಣ. 2019ರ ಆಗಸ್ಟ್ ತಿಂಗಳು. ತುಂಗಭದ್ರಾ ಅಣೆಕಟ್ಟಿನಿಂದ ಬಹಳ ನೀರು ಬಿಟ್ಟರು. ಗಂಗಾವತಿ ತಾಲ್ಲೂಕಿನ ವಿರೂಪಾಪುರ ಗಡ್ಡಿಯ ಸುತ್ತ ನೀರು ನಿಂತಿತು. ಹಂಪಿ ನೋಡಲು ಬಂದವರು, ಪರದೇಶದವರು, ಊರಿನವರು ಅಲ್ಲೇ ಸಿಕ್ಕಿಕೊಂಡರು. ಹೊಳೆಯ ಸೆಳವಿಗೆ ದೋಣಿ ನಡೆಸುವುದು ಕಷ್ಟವಾಯಿತು. ಆಗ ದೋಣಿಯ ಜೊತೆಗೆ ವಾಯುಪಡೆಯ ಹೆಲಿಕಾಪ್ಟರ್ ಕೂಡ ಬಂತು. ಜನರನ್ನು ದಡ ಮುಟ್ಟಿಸಿತು.

ಮೊದಲು 2009ರಲ್ಲಿ ಉತ್ತರ ಕರ್ನಾಟಕದಲ್ಲಿ ದೊಡ್ಡ ನೆರೆ ಬಂದಾಗಲೂ ಹೆಲಿಕಾಪ್ಟರುಗಳು ಬಂದಿದ್ದವು. ನಿಮ್ಮಲ್ಲಿ ಹಲವರಿಗೆ ಆ ಮಳೆ ನೆನಪಿರಬೇಕು.

2018ರ ಆಗಸ್ಟ್‌ನಲ್ಲಿ ಕೇರಳದಲ್ಲಿ ನೆರೆ ಬಂತು. ನೌಕಾಪಡೆ ಚೇತಕ್‌ಗಳನ್ನೂ ಬೇರೆ ಹೆಲಿಕಾಪ್ಟರುಗಳನ್ನೂ ಕಳಿಸಿತು. ಕೊಚ್ಚಿ ಕಡೆ ತುಂಬು ಗರ್ಭಿಣಿ ಒಬ್ಬಾಕಿ ನೀರಿನ ನಡುವೆ ಸಿಕ್ಕಿದ್ದಳು. ನೆತ್ತಿನೀರು ಒಡೆದಿತ್ತು. ನೌಕಾಪಡೆಯ ಹೆಲಿಕಾಪ್ಟರ್ ಮನೆ ಮೇಲೆ ಬಂದು ಗಾಳಿಯಲ್ಲಿ ನಿಂತಿತು. ಮೊದಲು ಒಬ್ಬ ಡಾಕ್ಟರನ್ನು ಹಗ್ಗದಲ್ಲಿ ಇಳಿಸಿದರು. "ಈಕಿನ್ನ ಎತ್ತಬಹುದು" ಎಂದು ಡಾಕ್ಟರು ನೋಡಿ ಹೇಳಿದ ಮೇಲೆ ಆಕೆಯನ್ನು ಮೇಲೆತ್ತಿದರು. ಕೊಚ್ಚಿಯ ಸಂಜೀವನಿ ಆಸ್ಪತ್ರೆಗೆ ಒಯ್ದರು. ಅದೇ ದಿನ ಗಂಡು ಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಉಳಿದರು.

ಆ ನೆರೆಯಲ್ಲಿ ನೌಕಾಪಡೆಯವರು ಜನರನ್ನು ಕಾಪಾಡಿದ ಒಂದು ಮನೆ ಇತ್ತು. ಮುಂದೆ ಆ ಮನೆಯ ತಾರಸಿ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡದಾಗಿ 'ಥ್ಯಾಂಕ್ಸ್' ಎಂದು ಬರೆದರು. ಉಪಕಾರ ಆಯಿತು ಎಂದು ಅದರ ಅರ್ಥ. ಮೇಲಿಂದ ಹೋಗುವವರು ಅದನ್ನು ಓದಿದರು. ನೋಡ್ರಿ, ಅಕ್ಷರ ಆಕಾಶಕ್ಕೂ ಕಾಣುತ್ತದೆ.

ಹೆಲಿಕಾಪ್ಟರಿನ ಪುಸ್ತಕ

ಪ್ರತಿ ಹೆಲಿಕಾಪ್ಟರಿಗೆ ಒಂದು ನಂಬರು ಇದೆ. ಅದರದೇ ಒಂದು ದಾಖಲೆ ಪುಸ್ತಕ ಇದೆ. ಇವತ್ತು ಎಷ್ಟು ತಾಸು ಹಾರಿತು? ಯಾವ ಭಾಗ ಬಿಚ್ಚಿದರು? ಯಾವುದನ್ನು ಹೊಸದು ಹಾಕಿದರು? ಯಾರು ಪರೀಕ್ಷೆ ಮಾಡಿದರು? ಎಲ್ಲವನ್ನೂ ಬರೆಯುತ್ತಾರೆ. ಕೆಲಸ ಮಾಡಿದವರು ಸಹಿ ಹಾಕುತ್ತಾರೆ. ಪೈಲಟ್ ಅದನ್ನು ಓದಿ, ತಾನೂ ಸಹಿ ಹಾಕಿ, ಆಮೇಲೆ ಹಾರಿಸುತ್ತಾನೆ.

ಮುಖ್ಯ ಭಾಗಗಳಿಗೆ ಇಷ್ಟು ತಾಸು ಎಂದು ಆಯುಷ್ಯ ಇರುತ್ತದೆ. ಆ ತಾಸು ಮುಗಿದರೆ ತೆಗೆದು ಹಾಕಬೇಕು. ಕಣ್ಣಿಗೆ ಚಲೋ ಕಂಡರೂ ತೆಗೆಯಬೇಕು. ಒಳಗಿನ ಸಣ್ಣ ಬಿರುಕು ಕಣ್ಣಿಗೆ ಕಾಣುವುದಿಲ್ಲ. ತಾಸಿನ ಲೆಕ್ಕ ತಪ್ಪಿದರೆ ಆಕಾಶದಲ್ಲಿ ಭಾಗ ಮುರಿಯಬಹುದು. ಬರೆಯದೆ ಬಿಟ್ಟ ಒಂದು ಸಾಲು ಪ್ರಾಣಕ್ಕೆ ಕುತ್ತು ತರಬಹುದು.

ನಮ್ಮ ಮನೆಯಲ್ಲೂ ಇಂಥ ಪುಸ್ತಕ ಇದೆ. ಯಾವುದು ಹೇಳಿ? ತಾಯಿ ಕಾರ್ಡು. ಗರ್ಭಿಣಿಯ ತೂಕ ಎಷ್ಟು, ರಕ್ತ ಎಷ್ಟು, ಮಗುವಿಗೆ ಯಾವ ಲಸಿಕೆ ಯಾವ ತಾರೀಖಿಗೆ ಎಂದು ಅದರಲ್ಲಿ ಬರೆದಿರುತ್ತಾರೆ. ಸಂಘದ ಪಾಸ್‌ಬುಕ್ಕೂ ಹಂಗೇ. ಪೈಲಟ್ ಓದದೆ ಸಹಿ ಹಾಕುವುದಿಲ್ಲ. ನಾವೂ ಓದದೆ ಸಹಿ ಹಾಕಬಾರದು. ಹೆಬ್ಬೆಟ್ಟು ಒತ್ತುವ ಕಾಲ ನಮಗೆ ಮುಗಿಯಿತು. ಓದದೆ ಸಹಿ ಹಾಕಿದರೆ ಅದೂ ಹೆಬ್ಬೆಟ್ಟೇ.

ಚೇತಕ್‌ಗೆ ಮುಪ್ಪು ಬಂತು

ಎತ್ತಿಗೆ ಮುಪ್ಪು ಬರುತ್ತದೆ. ಗಾಡಿಗೂ ಬರುತ್ತದೆ. ಚೇತಕ್, ಚೀತಾ ಹಳೆಯವಾದವು. ಆದರೂ ಸೈನ್ಯಕ್ಕೆ ಅವು ಬೇಕಾಗಿದ್ದವು. 2014ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿಯಲ್ಲಿ ಒಂದು ಚೀತಾ ಬಿದ್ದು ಸೈನ್ಯದ ಮೂವರು ಅಧಿಕಾರಿಗಳು ತೀರಿಕೊಂಡರು.

ಆಗ ಸೈನ್ಯದ ಅಧಿಕಾರಿಗಳ ಹೆಂಡಂದಿರು ಒಟ್ಟಾದರು. "ನಮ್ಮ ಗಂಡಂದಿರು ದೇಶಕ್ಕಾಗಿ ಹಾರಲಿ, ಆದರೆ ಹಳೆ ಗಾಡಿಯಲ್ಲಿ ಬೇಡ" ಎಂಬುದು ಅವರ ವಾದ. ಅವರು ಆಗಿನ ರಕ್ಷಣಾ ಸಚಿವ ಮನೋಹರ್ ಪರಿಕ್ಕರ್ ಅವರಿಗೆ ಮನವಿ ಕೊಟ್ಟರು. ಈ ಹೆಲಿಕಾಪ್ಟರುಗಳಿಗೆ ವಿಶ್ರಾಂತಿ ಕೊಡಿ ಎಂದು ಕೇಳಿದರು. ಮನೆಯಲ್ಲಿ ಕೂತು ಅತ್ತರೆ ಅದು ದುಃಖ. ಕೂಡಿ ಬರೆದು ಕೇಳಿದರೆ ಅದು ಅಹವಾಲು. ಅಹವಾಲಿಗೆ ಉತ್ತರ ಕೊಡಬೇಕಾಗುತ್ತದೆ.

2022ರ ಏಪ್ರಿಲ್ 2ರಂದು ಹೈದರಾಬಾದ್ ಹತ್ತಿರದ ಹಕೀಂಪೇಟೆಯಲ್ಲಿ ಚೇತಕ್ ಸೇವೆಯ 60 ವರ್ಷದ ಸಮಾರಂಭ ನಡೆಯಿತು. ಇವುಗಳ ಜಾಗಕ್ಕೆ ಬರಲೆಂದು ಎಚ್.ಎ.ಎಲ್. ಹೊಸ ಹಗುರ ಹೆಲಿಕಾಪ್ಟರ್ ರೂಪಿಸಿದೆ. ಅದು 2016ರಲ್ಲಿ ಬೆಂಗಳೂರಿನಲ್ಲಿ ಮೊದಲ ಸಲ ಹಾರಿತು. ಅದನ್ನು ತಯಾರಿಸಲು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ದೊಡ್ಡ ಕಾರ್ಖಾನೆ ಕಟ್ಟಿದ್ದಾರೆ. ಅದು 2023ರ ಫೆಬ್ರವರಿ 6ರಂದು ಉದ್ಘಾಟನೆ ಆಯಿತು.

ಚೇತಕ್ ಕಾವಲು ನಿಂತಿದ್ದ ವಿಕ್ರಾಂತ್ ಹಡಗು ಏನಾಯಿತು? ಅದು 1997ರಲ್ಲಿ ನಿವೃತ್ತಿಯಾಯಿತು. ಕೆಲವು ವರ್ಷ ಮುಂಬಯಿಯಲ್ಲಿ ಜನ ನೋಡುವ ಸಂಗ್ರಹಾಲಯವಾಗಿತ್ತು. ಅಷ್ಟು ದೊಡ್ಡ ಹಡಗನ್ನು ನೋಡಿಕೊಳ್ಳುವುದು ಆಗಲಿಲ್ಲ. 2014ರಲ್ಲಿ ಅದನ್ನು ಒಡೆಯಲು ಶುರು ಮಾಡಿದರು. ಹಡಗು ಹೋಯಿತು. ಗೋವಾದಲ್ಲಿ ಸಣ್ಣ ಚೇತಕ್ ಉಳಿದಿದೆ. ಅದರ ರೆಕ್ಕೆ ಈಗ ತಿರುಗುವುದಿಲ್ಲ. ಆದರೆ ಅಂಥವು ಏನೇನು ಮಾಡಿದವು ಎಂದು ಬರೆದಿಟ್ಟವರು ಇದ್ದಾರೆ. ಹಾಗಾಗಿ ನಾವು ಇವತ್ತು ಹುಲಿಹೈದರದಲ್ಲಿ ಕೂತು ಓದುತ್ತಿದ್ದೇವೆ.

ಹೆಲಿಕಾಪ್ಟರ್ ಬಂದರೆ ನಾವೇನು ಮಾಡಬೇಕು?

ನೆರೆ ಬಂದಾಗ ಉಪಯೋಗಕ್ಕೆ ಬರುವ ಮಾತುಗಳು ಇವು. ಮನೆಯವರಿಗೂ ಓದಿ ಹೇಳಿ.

1. ಸಹಾಯ ಬೇಕಾದರೆ 112ಕ್ಕೆ ಅಥವಾ ಜಿಲ್ಲೆಯ 1077ಕ್ಕೆ ಫೋನ್ ಮಾಡಿ. ಊರಿನ ಹೆಸರು, ಎಷ್ಟು ಜನ, ಯಾರಿಗೆ ಕಾಯಿಲೆ ಎಂದು ಹೇಳಿ.

2. ಎತ್ತರದ, ಬಯಲು ಜಾಗದಲ್ಲಿ ನಿಲ್ಲಿ. ಕೆಂಪು ಅಥವಾ ಹಳದಿ ಸೀರೆಯನ್ನು ಮಾಳಿಗೆ ಮೇಲೆ ಹಾಸಿ, ನಾಲ್ಕು ಕಡೆ ಭಾರ ಇಡಿ. ಮೇಲಿಂದ ಬೇಗ ಕಾಣುತ್ತದೆ.

3. ಸುಣ್ಣ ಇದ್ದರೆ ದೊಡ್ಡ ಅಕ್ಷರದಲ್ಲಿ ಬರೆಯಿರಿ: 'ನೀರು', 'ಔಷಧ', '5 ಜನ'. ಒಂದೊಂದು ಅಕ್ಷರ ಆಳೆತ್ತರ ಇರಲಿ.

4. ಹೆಲಿಕಾಪ್ಟರ್ ಹತ್ತಿರ ಬಂದರೆ ಬಿರುಗಾಳಿ ಏಳುತ್ತದೆ. ಹಾಸಿದ ಸೀರೆ, ತಗಡು, ಹಗುರ ಪಾತ್ರೆ ಎಲ್ಲ ಹಾರುತ್ತವೆ. ಅವನ್ನು ಮೊದಲೇ ತೆಗೆಯಿರಿ. ಸೆರಗು ಬಿಗಿಯಾಗಿ ಕಟ್ಟಿಕೊಳ್ಳಿ. ಮಕ್ಕಳ ಕೈ ಬಿಡಬೇಡಿ.

5. ಅದು ಇಳಿದ ಕೂಡಲೇ ಓಡಬೇಡಿ. ಅವರು ಕೈ ಮಾಡಿ ಕರೆದ ಮೇಲೆ, ಮುಂದಿನ ಕಡೆಯಿಂದ, ತಲೆ ಬಗ್ಗಿಸಿ ಹೋಗಿ. ಬಾಲದ ಕಡೆ ಯಾವತ್ತೂ ಹೋಗಬಾರದು. ಬಾಲದ ರೆಕ್ಕೆ ತಿರುಗುವಾಗ ಕಣ್ಣಿಗೆ ಕಾಣುವುದಿಲ್ಲ. ತಾಕಿದರೆ ಪ್ರಾಣ ಹೋಗುತ್ತದೆ.

6. ಹಗ್ಗ ಕೆಳಗೆ ಬಂದರೆ ಅದರ ಕೊಕ್ಕೆ ಮೊದಲು ನೆಲಕ್ಕೋ ನೀರಿಗೋ ತಾಕಲಿ. ಆಮೇಲೆ ಹಿಡಿಯಿರಿ. ಮೊದಲೇ ಹಿಡಿದರೆ ಕರೆಂಟು ಹೊಡೆದಂತೆ ಆಗಬಹುದು. ಕೊಕ್ಕೆಯನ್ನು ಗಿಡಕ್ಕೆ, ಕಂಬಕ್ಕೆ ಕಟ್ಟಬೇಡಿ.

7. ಕಾಯಿಲೆಯವರು, ಗರ್ಭಿಣಿಯರು, ಮಕ್ಕಳು, ಮುದುಕರು ಮೊದಲು ಹೋಗಲಿ. ತಾಯಿ ಕಾರ್ಡು, ಆಧಾರ್ ಕಾರ್ಡು, ರೇಷನ್ ಕಾರ್ಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ.

ಹೊಸ ಪದಗಳು

ನೌಕಾಪಡೆ – ಸಮುದ್ರದಲ್ಲಿ ದೇಶ ಕಾಯುವ ಸೈನ್ಯ
ವಾಯುಪಡೆ – ಆಕಾಶದಲ್ಲಿ ದೇಶ ಕಾಯುವ ಸೈನ್ಯ
ಪೈಲಟ್ – ವಿಮಾನ, ಹೆಲಿಕಾಪ್ಟರ್ ಹಾರಿಸುವವರು
ನಿವೃತ್ತಿ – ಸೇವೆ ಮುಗಿಸುವುದು
ವಸ್ತು ಸಂಗ್ರಹಾಲಯ – ಹಳೆಯ ವಸ್ತುಗಳನ್ನು ಕಾಪಾಡಿ ಜನರಿಗೆ ತೋರಿಸುವ ಮನೆ
ಅಹವಾಲು – ನಮಗೆ ಬೇಕಾದದ್ದನ್ನು ಬರೆದು ಕೇಳುವುದು

ಓದಿ ಉತ್ತರ ಹೇಳಿ

1. ಚೇತಕ್ ಯಾವ ಊರಿನಲ್ಲಿ ತಯಾರಾಯಿತು?
2. ಹಡಗಿನ ಪಕ್ಕದಲ್ಲಿ ಹೆಲಿಕಾಪ್ಟರ್ ಯಾಕೆ ನಿಲ್ಲುತ್ತದೆ?
3. ಬಾಲದ ಕಡೆ ಯಾಕೆ ಹೋಗಬಾರದು?
4. ಪೈಲಟ್ ಹಾರಿಸುವ ಮೊದಲು ಏನು ಓದುತ್ತಾನೆ?

ಲೆಕ್ಕ ಮಾಡೋಣ

ಬೆಂಗಳೂರಿನಲ್ಲಿ ತಯಾರಾದ ಮೊದಲ ಚೇತಕ್ 1965ರಲ್ಲಿ ಹಾರಿತು. ವಿರೂಪಾಪುರ ಗಡ್ಡಿಯಲ್ಲಿ ಜನ ಸಿಕ್ಕಿದ್ದು 2019ರಲ್ಲಿ. ನಡುವೆ ಎಷ್ಟು ವರ್ಷ?

ಚೇತಕ್ ಗಂಟೆಗೆ 200 ಕಿಲೋಮೀಟರ್ ಹೋದರೆ ಅರ್ಧ ಗಂಟೆಗೆ ಎಷ್ಟು ಹೋಗುತ್ತದೆ?

ಮಾತಾಡೋಣ, ಬರೆಯೋಣ

ನಿಮ್ಮ ಓಣಿಗೆ ಏನು ಬೇಕು? ನಲ್ಲಿ ನೀರೋ, ಬೀದಿ ದೀಪವೋ, ದವಾಖಾನೆಗೆ ಬಸ್ಸೋ? ಐದು ಜನ ಕೂಡಿ ಮಾತಾಡಿ. ಪಂಚಾಯಿತಿಗೆ ನಾಲ್ಕು ಸಾಲಿನ ಅಹವಾಲು ಬರೆಯಿರಿ. ಎಲ್ಲರೂ ಓದಿ. ಆಮೇಲೆ ಎಲ್ಲರೂ ಸಹಿ ಹಾಕಿ. ತಾರೀಖು ಬರೆಯುವುದನ್ನು ಮರೆಯಬೇಡಿ.